ಸಕ್ರವ್ವನ ಬಾಯಿಗೆ ಬಾರದ ಮಾತು

ಸಕ್ರವ್ವನ ಮನೆಯಲ್ಲಿ ಯಾವ ವಸ್ತುವೂ ತೀರುತ್ತಿರಲಿಲ್ಲ, ಎಲ್ಲವೂ ಹೆಚ್ಚುತ್ತಿತ್ತು. ಬೆಳಗಾದರೆ ಅವಳ ಮಗಳು ಕಸ್ತೂರಿ ವಾಟಗ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಲ್ಲುವಳು. “ಅಕ್ಕೋರ, ನಮ್ಮ ಮನ್ಯಾಗ ಎಣ್ಣಿ ಹೆಚ್ಚೈತಂತ್ರಿ. ಅವ್ವ ಒಂದೀಟ ಇಸ್ಕೊಂಡ ಬಾ ಅಂದಾಳ.” ಹೆಚ್ಚಿದ್ದರೆ ನೀವೇ ನನಗೆ ತಂದುಕೊಡಬೇಕಲ್ಲವೇ ಎಂದು ನಾನು ರೇಗಿಸಿದರೆ ಹುಡುಗಿ ಮುಸಿಮುಸಿ ನಗುತ್ತಿದ್ದಳು. ಎಣ್ಣೆಯನ್ನು ಮಾತ್ರ ಬಿಡದೆ ಒಯ್ಯುತ್ತಿದ್ದಳು.

ಬಳೆ ಒಡೆದರೆ ‘ಹೆಚ್ಚಿತು’ ಅನ್ನುವುದು, ದೀಪ ಆರಿಸುವಾಗ ‘ದೊಡ್ಡದು ಮಾಡು’ ಅನ್ನುವುದು ನಮ್ಮ ಕಡೆಯ ಹೆಂಗಸರಿಗೆಲ್ಲ ರೂಢಿ. ಕೆಟ್ಟದ್ದನ್ನು ಬಾಯಿಬಿಟ್ಟು ಆಡಿದರೆ ಅದು ಖರೆಯಾದೀತೆಂಬ ಅಂಜಿಕೆ. ಸಕ್ರವ್ವ ಅಷ್ಟಕ್ಕೇ ನಿಲ್ಲಲಿಲ್ಲ. ಮಗ್ಗದ ಮೇಲೆ ಎಳೆ ಹರಿದರೂ ‘ಹೆಚ್ಚಿತು’, ಉಪ್ಪು ತೀರಿದರೂ ‘ಹೆಚ್ಚಿತು’, ಕರೆಂಟು ಹೋದರೂ ‘ಹೆಚ್ಚಿತು’. ಸಾವು, ಸತ್ತ, ಸಾಯಲಿ ಎಂಬ ಮಾತುಗಳಂತೂ ಅವಳ ನಾಲಿಗೆಯ ಮೇಲೆ ಬಂದದ್ದನ್ನು ನಮ್ಮ ಓಣಿಯಲ್ಲಿ ಕೇಳಿದವರಿಲ್ಲ. ಇಳಕಲ್ಲಿನ ಶಾಲೆಯಲ್ಲಿ ದಿನವಿಡೀ ಮಕ್ಕಳಿಗೆ ವಿರುದ್ಧಾರ್ಥಕ ಪದಗಳನ್ನು ಬಾಯಿಪಾಠ ಮಾಡಿಸಿ ಮನೆಗೆ ಬಂದರೆ ಪಕ್ಕದ ಮನೆಯಲ್ಲಿ ಇಂಥ ಕನ್ನಡ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಮೇಷ್ಟರಿಕೆ ಎಂದು ನಾನು ಗೊಣಗುತ್ತಿದ್ದೆ.

ಕೆಲಸದಲ್ಲಿ ಮಾತ್ರ ಅವಳನ್ನು ಆಡಿಕೊಳ್ಳುವಂತಿರಲಿಲ್ಲ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಯ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಕುಣಿಕೆ ಹಾಕಿ ಒಂದೊಂದಾಗಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಅನ್ನುತ್ತಾರೆ. ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲೇ ನಡೆಯುವ ಕೆಲಸ. ಸಕ್ರವ್ವ ಹಾಕಿದ ಕೊಂಡಿ ಎಂದರೆ ಸೀರೆ ಸವೆದರೂ ಸೆರಗು ಬಿಡದು ಎಂದು ನೇಕಾರರೇ ಹೇಳುತ್ತಿದ್ದರು. ಅವಳ ಗಂಡ ಹುಚ್ಚಪ್ಪ ನೆಲದಲ್ಲಿ ತೋಡಿದ ಕುಣಿ ಮಗ್ಗದಲ್ಲಿ ಕೂತರೆ ಬಾಯಿಬಿಡುವ ಮನುಷ್ಯನಲ್ಲ. ಹೆಂಡತಿಯ ಕೊಂಡಿಯ ಮೇಲೆ ಒಮ್ಮೆ ಅಂಗೈ ಆಡಿಸಿ “ಹೂಂ” ಅನ್ನುವುದೇ ಅವನ ದೊಡ್ಡ ಹೊಗಳಿಕೆ.

ಸಕ್ರವ್ವನ ಬಲಗೈಯ ಮಣಿಕಟ್ಟಿನ ಒಳಮಗ್ಗುಲಲ್ಲಿ ಗಜ್ಜುಗದಷ್ಟು ಒಂದು ಗಂಟು ಎದ್ದಿತು. ಮೊದಮೊದಲು ನೋವಿರಲಿಲ್ಲ. ಆಮೇಲೆ ಹೆಬ್ಬೆರಳು ಮಾತು ಕೇಳದಾಯಿತು, ಎಳೆ ಜಾರತೊಡಗಿತು. ಸುಣ್ಣ ಬೆಲ್ಲ ಹಚ್ಚಿದಳು, ಬಿಸಿ ಉಪ್ಪಿನ ಶಾಖ ಕೊಟ್ಟಳು, ಯಾರೋ ಹೇಳಿದರೆಂದು ಹರಳೆಣ್ಣೆ ತಿಕ್ಕಿದಳು. ಗಂಟು ಕದಲಲಿಲ್ಲ. ಹುನಗುಂದದಲ್ಲಿ ಹೊಸದಾಗಿ ತೆರೆದಿದ್ದ ಒಂದು ಸಣ್ಣ ದವಾಖಾನೆಯ ಡಾಕ್ಟರು ನೋಡಿ, ಇದು ತಾಸಿನ ಕೆಲಸ, ಕೈಗಷ್ಟೇ ಜೋಮು ಹಿಡಿಯುವ ಸೂಜಿ ಹಾಕಿ ತೆಗೆದುಬಿಡುತ್ತೇನೆ, ಸಂಜೆಗೆ ಮನೆಗೆ ಹೋಗಬಹುದು ಎಂದರು. ಅದು ತೊಂಬತ್ತೆಂಟನೇ ಇಸವಿ. ಶಾಲೆಗೆ ಸೂಟಿ ಇದ್ದುದರಿಂದ ನಾನೂ ಜೊತೆಗೆ ಹೋದೆ.

ಡಾಕ್ಟರು ಮೈಸೂರು ಕಡೆಯವರು, ಇನ್ನೂ ಎಳೆಯ ಪ್ರಾಯ. ಇಲ್ಲಿನ ಮಾತು ಕಲಿಯಬೇಕೆಂಬ ಹುಮ್ಮಸ್ಸು ಬಹಳ. ನಮ್ಮನ್ನು ಕಂಡೊಡನೆ “ಬರ್ರಿ, ಕುಂಡರ್ರಿ, ಆರಾಮ ಅದೀರಿ?” ಎಂದು ತಪ್ಪಿಲ್ಲದೆ ಒಪ್ಪಿಸಿದರು. ಸಕ್ರವ್ವನನ್ನು ಒಳಗೆ ಕರೆದೊಯ್ದರು. ಅಲ್ಲಿದ್ದ ನರ್ಸು ಖೈರುನಬಿ ಪಕ್ಕದ ಕೋಣೆಯಲ್ಲಿ ಕತ್ತರಿ ಚಿಮಟಿಗೆಗಳನ್ನು ಕುದಿಸುತ್ತಿದ್ದಳು. ಹುಚ್ಚಪ್ಪ ಹೊರಗಿನ ಬೆಂಚಿನ ಮೇಲೆ ಮೊಣಕಾಲು ತಬ್ಬಿ ಕೂತ.

ಸ್ವಲ್ಪ ಹೊತ್ತು ಒಳಗಿನಿಂದ ಸಣ್ಣಗೆ ಮಾತು ಕೇಳಿಸಿತು. ಆಮೇಲೆ ಸಕ್ರವ್ವನ ದನಿ ತುಸು ಏರಿತು. “ಸಾಹೇಬ್ರ, ಬಾಯಾಗ ತಾಂಬ್ರದ ದುಡ್ಡು ಇಟ್ಕೊಂಡಂಗ ಆಗಾಕತ್ತೈತ್ರಿ. ಕಿವ್ಯಾಗ ಏನೋ ಗುಂಯ್ ಅಂತೈತಿ.” ಮುಂದಿನ ಮಾತು ಕುಡಿದವರ ಮಾತಿನ ಹಾಗೆ ತೊದಲಿತು. ಮೇಜು ಗಡಗಡ ಅಲುಗಾಡಿತು. ಡಾಕ್ಟರು ಖೈರುನಬಿಯನ್ನು ಕೂಗಿ ಕರೆದ ರೀತಿಗೇ ನಾನು ಎದ್ದು ಓಡಿದೆ.

ಬಾಗಿಲು ತೆರೆದುಕೊಂಡಿತ್ತು. ಸಕ್ರವ್ವನ ಮೈ ಸೆಟೆದು ಸೆಟೆದು ನಡುಗಿ, ಆಮೇಲೆ ಸುಮ್ಮನಾಯಿತು. ಆ ಸುಮ್ಮನಾದದ್ದೇ ಕೆಟ್ಟದ್ದು. ಡಾಕ್ಟರು ನಾಡಿ ಹಿಡಿದು ನೋಡಿ, ಎರಡೂ ಅಂಗೈ ಊರಿ ಅವಳ ಎದೆಯನ್ನು ಜೋರಾಗಿ ಒತ್ತತೊಡಗಿದರು. ಖೈರುನಬಿ ಮೂಗುಬಾಯಿಗೆ ಗವಸು ಹಿಡಿದು ಗಾಳಿ ತುಂಬುತ್ತಿದ್ದಳು. ಹುಚ್ಚಪ್ಪ ನುಗ್ಗಿ ಬಂದು ಡಾಕ್ಟರ ರಟ್ಟೆ ಹಿಡಿದು ಎಳೆದ.

“ಏ ಬಿಡೋ! ಎದಿ ಎಲಬು ಮುರದಿ! ನನ್ನ ಹೆಂಡ್ತಿನ್ನ ಕೊಲ್ಲಾಕತ್ತಾನ್ರೆಪೋ!”

“ಕಾಕಾ, ಕೈ ತಗೀರಿ!” ಖೈರುನಬಿ ಬಾಯಿ ಮಾಡಿದಳು. “ಹೋಗೂ ಜೀವಾ ಹಿಡದು ತರಾಕತ್ತಾರ. ಹಿಂದ ಸರೀರಿ!”

ನಾನು ಅವನನ್ನು ಹೊರಗೆಳೆದುಕೊಂಡು ಬಂದೆ. ಎಷ್ಟು ಹೊತ್ತಾಯಿತೋ ದೇವರೇ ಬಲ್ಲ. ಕೊನೆಗೆ ಖೈರುನಬಿ “ನಾಡಿ ಬಂತು” ಅಂದಳು. ಡಾಕ್ಟರು ಒತ್ತುವುದನ್ನು ನಿಲ್ಲಿಸಿ ಅಲ್ಲೇ ನೆಲಕ್ಕೆ ಕೂತುಬಿಟ್ಟರು. ಆಮೇಲೆ ಅವಳನ್ನು ಜೀಪಿನಲ್ಲಿ ಮಲಗಿಸಿ ಬಾಗಲಕೋಟೆಗೆ ಓಡಿಸಿದೆವು. ಡಾಕ್ಟರೂ ಹತ್ತಿಕೊಂಡು ದಾರಿಯುದ್ದಕ್ಕೂ ಅವಳ ನಾಡಿ ಬಿಡಲಿಲ್ಲ. ಅಮೀನಗಡ ದಾಟುವಾಗ ಸಕ್ರವ್ವ ಕಣ್ಣು ತೆರೆದು, “ಗಂಟ ತಗದ್ರೇನ್ರಿ?” ಎಂದು ಕೇಳಿದಳು. ಡಾಕ್ಟರು ಗೊಳೋ ಎಂದು ಅತ್ತರು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ?

ಗಂಟನ್ನು ತೆಗೆದಿರಲಿಲ್ಲ. ಸೂಜಿಯ ಔಷಧ ರಕ್ತಕ್ಕೆ ಸೇರಿ ಎದೆಯ ಬಡಿತ ನಿಂತಿತ್ತು, ಈಗ ಸರಿಯಾಗಿದೆ ಎಂದು ಬಾಗಲಕೋಟೆಯಲ್ಲಿ ಹೇಳಿ ಕಳಿಸಿದರು. ಅಷ್ಟು ಮಾತು ಇಳಕಲ್ಲಿಗೆ ಬರುವಷ್ಟರಲ್ಲಿ ಬೆಳೆದು ಮರವಾಗಿತ್ತು. ಸಕ್ರವ್ವನ ಹಾರ್ಟು ವೀಕು, ಸೂಜಿ ತೋರಿಸಿದರೂ ನಿಲ್ಲುತ್ತದಂತೆ ಎಂದು ಓಣಿಯೆಲ್ಲ ಆಡಿಕೊಂಡಿತು. ನೋಡಲು ಬಂದವರು ಪಿಸುಮಾತಿನಲ್ಲಿ ಮಾತಾಡಿ ಬಾಳೆಹಣ್ಣು ಇಟ್ಟು ಹೋಗುತ್ತಿದ್ದರು.

ಎಲ್ಲರಿಗಿಂತ ಹುಚ್ಚಪ್ಪನದೇ ಅತಿಯಾಯಿತು. ಕೊಡ ಎತ್ತಬೇಡ, ರೊಟ್ಟಿ ಬಡಿಯಬೇಡ, ಜೋರಾಗಿ ನಗಬೇಡ. ಕಸ್ತೂರಿಯ ಕೈಯಲ್ಲಿ ಪಾತ್ರೆ ಬಿದ್ದು ಸದ್ದಾದರೆ ಮಗ್ಗ ಬಿಟ್ಟು ಎದ್ದು ಬಂದು ಹೆಂಡತಿಯ ಮುಖ ನೋಡುತ್ತಿದ್ದ. ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ. ಉಸಿರಾಡುತ್ತಿದ್ದಾಳೆಂದು ಖಾತ್ರಿಯಾದ ಮೇಲೆ ಮತ್ತೆ ಕುಣಿಗೆ ಇಳಿಯುತ್ತಿದ್ದ.

ಇತ್ತ ಗಂಟು ತನ್ನ ಪಾಡಿಗೆ ಬೆಳೆಯುತ್ತಿತ್ತು. ಸಕ್ರವ್ವನ ಹೆಬ್ಬೆರಳು ಒಣಗಿದ ಕಡ್ಡಿಯಂತಾಯಿತು. ಕಸ್ತೂರಿ ಕೊಂಡಿ ಹಾಕಲು ಕಲಿತಳು, ಆದರೆ ಅವಳ ಕೈ ಇನ್ನೂ ಹಸಿ. ಸೀರೆ ಉಟ್ಟವರು ಸೆರಗು ಬಿಟ್ಟಿತೆಂದು ಹಿಂದಕ್ಕೆ ತಂದರು. ಸಕ್ರವ್ವ ಮಗಳ ಪಕ್ಕ ಕೂತು ಎಡಗೈಯಿಂದ ತೋರಿಸಲು ಹೋಗಿ, ಆಗದೆ, ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು. ಗಂಟು ತೆಗೆಸಲು ಎರಡು ಮೂರು ಕಡೆ ಕೇಳಿದ್ದಾಯಿತು. ಹಿಂದೆ ಎದೆ ನಿಂತಿತ್ತು ಎಂಬುದು ಕಿವಿಗೆ ಬಿದ್ದರೆ ಸಾಕು, ಡಾಕ್ಟರುಗಳು ಪೆನ್ನಿನ ಟೊಪ್ಪಿಗೆ ಮುಚ್ಚುತ್ತಿದ್ದರು.

“ಎದಿ ಉಳಸ್ಕೊಂಡು ಏನ ಮಾಡ್ಲಿ ಅಕ್ಕೋರ, ಕೈಯ ಇಲ್ಲದ ಮ್ಯಾಲೆ?” ಎಂದು ಅವಳು ಒಂದು ದಿನ ನನ್ನ ಕಟ್ಟೆಯ ಮೇಲೆ ಕೂತು ಕೇಳಿದಳು. ‘ಇಲ್ಲ’ ಎಂಬ ಮಾತನ್ನೂ ತಪ್ಪಿಸಿ ನಡೆಯುವ ಹೆಣ್ಣು ಅದನ್ನು ಅಂದಳೆಂದರೆ ಎಷ್ಟು ಸೋತಿದ್ದಾಳೆಂದು ನನಗೆ ತಿಳಿಯಿತು.

ಮೂರನೆಯ ವರ್ಷ ಖೈರುನಬಿಯಿಂದ ಸುದ್ದಿ ಬಂತು. ಅವಳೀಗ ಬಾಗಲಕೋಟೆಯ ನವನಗರದಲ್ಲಿ ಒಂದು ಆಸ್ಪತ್ರೆಗೆ ಸೇರಿದ್ದಳು. ಅಲ್ಲಿ ಚೇತನಾ ಎಂಬ ಸರ್ಜನ್ ಬಂದಿದ್ದಾರೆ, ಬಾದಾಮಿಯವರು, ಕೈಯ ಆಪರೇಶನ್ನಿನಲ್ಲಿ ಪಳಗಿದವರು, ಒಮ್ಮೆ ಕರೆದುಕೊಂಡು ಬರ್ರಿ ಎಂದು ಹೇಳಿ ಕಳಿಸಿದ್ದಳು. ಹುಚ್ಚಪ್ಪ ಸುತರಾಂ ಒಪ್ಪಲಿಲ್ಲ. ತೋರಿಸುವುದಷ್ಟೇ, ಕೊಯ್ಯಿಸುವುದಲ್ಲ ಎಂದು ನಾನು ಜಗಳ ಮಾಡಿ ಸಕ್ರವ್ವನನ್ನು ಬಸ್ಸು ಹತ್ತಿಸಿದೆ.

ಚೇತನಾ ಎದೆಯ ಪರೀಕ್ಷೆಗಳನ್ನೆಲ್ಲ ಮಾಡಿಸಿದರು. ಇಸಿಜಿ ಪಟ್ಟಿ ತೆಗೆದರು, ಪರದೆಯ ಮೇಲೆ ಎದೆ ಬಡಿಯುವುದನ್ನೂ ನೋಡಿದರು. ಆಮೇಲೆ ಕುರ್ಚಿ ಹತ್ತಿರಕ್ಕೆಳೆದುಕೊಂಡು ಕೂತರು.

“ಯವ್ವಾ, ನಿಮ್ಮ ಎದಿಗೆ ಏನೂ ಆಗಿಲ್ಲ. ಗಟ್ಟಿ ಐತಿ. ಹಂಗಾರ ಅವತ್ತು ಯಾಕ ನಿಂತ್ತು? ಸೂಜಿ ಹಾಕಿದಾಗ ಏನೇನಾತು, ಒಂದೂ ಬಿಡದಂಗ ಹೇಳ್ರಿ.”

ಇಷ್ಟು ವರ್ಷ ಅದನ್ನು ಅವಳಿಂದ ಯಾರೂ ಕೇಳಿರಲಿಲ್ಲ. ಎಲ್ಲರೂ ಅವಳ ಎದೆಯ ಬಗ್ಗೆ ಮಾತಾಡಿದ್ದರೇ ಹೊರತು ಅವಳೊಂದಿಗೆ ಮಾತಾಡಿರಲಿಲ್ಲ. ಸಕ್ರವ್ವ ಸೆರಗು ಸರಿಮಾಡಿಕೊಂಡು ಹೇಳತೊಡಗಿದಳು.

“ಮೊದಲನೇ ಸೂಜಿ ಹಾಕಿದ್ರು. ತುಸು ಹೊತ್ತು ಬಿಟ್ಟು, ಕೈ... ಕೈ ಅದಾತೇನ್ರಿ ಅಂತ ಕೇಳಿದ್ರು.”

“ಏನಾತೇನು ಅಂತ ಕೇಳಿದ್ರು?”

ಸಕ್ರವ್ವ ನನ್ನ ಮುಖ ನೋಡಿದಳು. ನನಗೆ ಅರ್ಥವಾಯಿತು. “‘ಕೈ ಸತ್ತೈತೇನ್ರಿ’ ಅಂತ ಕೇಳಿರಬೇಕು” ಎಂದೆ. ಮರಗಟ್ಟಿದ್ದಕ್ಕೆ ನಮ್ಮಲ್ಲಿ ಹಾಗೇ ಅನ್ನುವುದು. ಪಾಪ, ಆ ಮೈಸೂರಿನವರು ಅದನ್ನೂ ಕಲಿತುಕೊಂಡಿದ್ದರು.

“ಹೌದ್ರಿ, ಹಂಗ ಕೇಳಿದ್ರು. ಬಳಿ ತೊಟ್ಟ ಕೈಗೆ ಅಂಥ ಮಾತು! ಬಿಡತು ಅನ್ರಿ ಸಾಹೇಬ್ರ ಅಂದ್ನಿ. ಮತ್ತ ಕೇಳಿದ್ರು. ಹೆಚ್ಚೈತ್ರಿ ಅಂದ್ನಿ. ಇನ್ನೊಂದು ಸೂಜಿ ಹಾಕಿದ್ರು. ಈಗ ಹೆಂಗೈತ್ರಿ ಅಂದ್ರು. ಭಾಳ ಹೆಚ್ಚೈತ್ರಿ ಅಂದ್ನಿ. ಮತ್ತೊಂದು ಹಾಕಿದ್ರು. ಪೂರಾ ಹೆಚ್ಚೈತ್ರಿ, ಸಾಕ್ರಿ ಅಂದ್ರೂ ಬಿಡಲಿಲ್ರಿ, ಇನ್ನೂ ಒಂದು ಹಾಕಿದ್ರು.”

ಚೇತನಾ ಬರೆಯುವುದನ್ನು ನಿಲ್ಲಿಸಿದರು. “ನೋವು ಹೆಚ್ಚಿತ್ತೇನು?”

“ನೋವು ಎಲ್ಲೀದ್ರಿ? ಮೊದಲನೇ ಸೂಜಿಗೇ ಕೈ ಹೆಚ್ಚಿತ್ತಲ್ಲ! ಮುಟ್ಟಿದ್ರೂ ಗೊತ್ತಾಗ್ತಿರಲಿಲ್ಲ.”

ಡಾಕ್ಟರು ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ನಮ್ಮ ಆಯಿ ಬಳಿ ಒಡದ್ರ ಹಿಂಗ ಅಂತಿದ್ಲು. ಕೈಗೂ ಅದನ್ನ ಅಂದವ್ರಂದ್ರ ನೀವ ಮೊದಲಿಗರು, ಯವ್ವಾ.” ನನಗೆ ಮಾತ್ರ ನಗು ಬರಲಿಲ್ಲ, ಸಿಟ್ಟು ಬಂತು. ಸಕ್ರವ್ವನ ಮೇಲೆ, ಮೈಸೂರಿನವರ ಮೇಲೆ, ಎಲ್ಲದರ ಮೇಲೂ. ಒಂದು ಪದ! ಇವಳು ಕೈ ಮರಗಟ್ಟಿದೆ ಎಂದು ಹೇಳುತ್ತಿದ್ದಾಳೆ, ಅವರು ನೋವು ಏರುತ್ತಿದೆ ಎಂದು ತಿಳಿದು ಔಷಧ ತುಂಬುತ್ತಿದ್ದಾರೆ.

ಚೇತನಾ ನಗು ಬಿಟ್ಟು ಬಿಡಿಸಿ ಹೇಳಿದರು. “ಈ ಔಷಧ ಹಾಕಿದ ಜಾಗಾದಾಗ ಇದ್ರ ಬರೇ ನೋವು ತಡೀತೈತಿ. ಮೈತೂಕಕ್ಕ ತಕ್ಕಂಗ ಇಷ್ಟ ಅಂತ ಅದಕ್ಕ ಅಳತಿ ಐತಿ. ನಿಮ್ಮದು ಗುಬ್ಬಿ ಮೈ. ಮ್ಯಾಲಿಂದ ಮ್ಯಾಲೆ ಹಾಕಿದ್ರ ರಕ್ತಕ್ಕ ಸೇರಿ ಮೊದಲು ಬಾಯಿ, ಕಿವಿ, ತಲಿ ಕೆಡಸ್ತೈತಿ, ಆಮ್ಯಾಲೆ ಎದೀನ್ನ ಮಲಗಸ್ತೈತಿ. ಅಳತಿ ತಪ್ಪಿದ್ದು ಆ ಡಾಕ್ಟರ ತಪ್ಪು, ಖರೆ. ಆದ್ರ ಔಷಧದ ಜೋರು ಇಳಿಯೂ ತನಕಾ ಕೈಲೆ ಒತ್ತಿ ಒತ್ತಿ ಎದಿ ನಡಸ್ಯಾರಲ್ಲ, ಅದಕ್ಕ ನೀವು ಇವತ್ತ ನನ್ನ ಮುಂದ ಕುಂತೀರಿ.”

ಆಪರೇಶನ್ ಮಾಡೋಣ ಎಂದರು. ಔಷಧ ಅಳೆದು, ಸಾವಕಾಶ ಹಾಕುವುದು. ಎದೆಯ ಬಡಿತ ನೋಡಿಕೊಳ್ಳಲು ಅರಿವಳಿಕೆಯ ಡಾಕ್ಟರು ಪಕ್ಕದಲ್ಲೇ ಇರುತ್ತಾರೆ. ಸಕ್ರವ್ವನ ಮುಖ ಅರಳಿತು. ಆಗ ಚೇತನಾ ಒಂದು ಕರಾರು ಹಾಕಿದರು.

“ನಮ್ಮ ಅರಿವಳಿಕಿ ಡಾಕ್ಟರು ಕೇರಳದವ್ರು. ಇಲ್ಲೀ ನಾಕು ಮಾತು ಕಲಿತಾರ, ಅಷ್ಟ. ನಿಮ್ಮ ‘ಹೆಚ್ಚೈತಿ’ ಒಳಗ ನಡಿಯಂಗಿಲ್ಲ. ತುಟಿ, ನಾಲಿಗಿ ಜುಮುಜುಮು ಅಂದ್ರ ‘ಜೋಮು’ ಅನ್ರಿ, ಆಗ ನಾವು ಔಷಧ ನಿಲ್ಲಸ್ತೀವಿ. ಕೈಗೆ ಆ ಮಾತು ಅನ್ನಬ್ಯಾಡ್ರಿ, ಕಲಸಿ ಹೋಗ್ತೈತಿ. ಕೈ ಮರಗಟ್ಟಿದ ಕೂಡಲೇ ‘ಸತ್ತೈತಿ’ ಅನ್ನಬೇಕು. ಬಾಯಿಬಿಟ್ಟು.”

“ಅದೊಂದು ಮಾತು ನನ್ನ ಬಾಯಿಲೆ ಬರೂದಿಲ್ರಿ” ಎಂದಳು ಸಕ್ರವ್ವ. ಅರಳಿದ ಮುಖ ಬಾಡಿತ್ತು.

ಹಿಂದಕ್ಕೆ ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಜನವೆಲ್ಲ ಕರದಂಟಿನ ಅಂಗಡಿಗೆ ಇಳಿದರು. ನಾನು ಬಸ್ಸಿನಲ್ಲೇ ಕೂತು ಅವಳನ್ನು ಝಾಡಿಸಿದೆ. ಒಂದು ಮಾತಿಗಾಗಿ ಕೈ ಕಳೆದುಕೊಳ್ಳುತ್ತೀಯಾ, ಇದೆಂಥ ಹುಚ್ಚು ನಿನ್ನದು, ಮಾತಿಗೇನು ಕೊಂಬಿದೆಯೇ ಎಂದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದಳು.

“ಕಸ್ತೂರಿಗಿಂತ ಮೊದಲು ನನಗೊಂದು ಗಂಡು ಕೂಸಿತ್ರಿ ಅಕ್ಕೋರ. ಗುರಪ್ಪ ಅಂತ ಹೆಸರಿಟ್ಟಿದ್ವಿ. ಹಗಲಿ ರಾತ್ರಿ ಅಳೂದು. ಒಂದು ದಿನ ಕೊಂಡಿ ಹಾಕೂ ಮುಂದ ಬಂದು ಎಳಿ ಎಲ್ಲಾ ಕೆದರಿಬಿಡ್ತು. ಸಿಟ್ಟಿನ ಕೈಯಾಗ ಒಂದು ಮಾತು ಅಂದ್ನಿ. ಯಾವ ಮಾತು ಅಂತ ನಿಮಗ ತಿಳೀತೈತಿ. ಅದ ವಾರ ಜ್ವರಾ ಬಂತು. ಕೂಸು ನಿಲ್ಲಲಿಲ್ಲ.”

ಸಿಟ್ಟು ಬಂದಾಗ ನಮ್ಮ ಕಡೆಯ ಯಾವ ತಾಯಿ ಆ ಮಾತನ್ನು ಅಂದಿಲ್ಲ? ದಿನಕ್ಕೊಮ್ಮೆ ಅಂದು, ಸಂಜೆಗೆ ಅದೇ ಮಗುವಿಗೆ ತುತ್ತು ಉಣಿಸುತ್ತಾರೆ. ಇವಳ ಪಾಲಿಗೆ ಸಂಜೆಯೇ ಬರಲಿಲ್ಲ. ಇಷ್ಟು ವರ್ಷ ಅವಳ ಮಾತನ್ನು ಕೇಳಿ ನಗಾಡಿದ ನಾನು ಆಗ ಅವಳ ಗಂಟಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಇಳಕಲ್ ಬರುವವರೆಗೂ ಅದನ್ನು ಬಿಡಲಿಲ್ಲ.

ಊರಿಗೆ ಬಂದ ಮೇಲೆ ನಾನು ಒತ್ತಾಯ ಮಾಡಲಿಲ್ಲ. ಒಂದು ಸಂಜೆ ಕಸ್ತೂರಿ ಹಾಕಿದ ಕೊಂಡಿ ಮಗ್ಗದ ಮೇಲೇ ಬಿಚ್ಚಿಕೊಂಡು, ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳಂತೆ. ಸಕ್ರವ್ವ ನೆಟ್ಟಗೆ ನಮ್ಮ ಮನೆಗೆ ಬಂದು, “ಬಾಗಲಕೋಟಿಗೆ ಹೋಗೂಣ್ರಿ. ಕರಾರಿನ ಮಾತು ನಮ್ಮ ಮನಿಯವ್ರಿಗೆ ಹೇಳಬ್ಯಾಡ್ರಿ, ಅಂಜತಾರ” ಎಂದಳು. ಹುಚ್ಚಪ್ಪನನ್ನು ಹೇಗೋ ಒಪ್ಪಿಸಿದೆವು. ಒಪ್ಪಿದ ಅನ್ನುವುದಕ್ಕಿಂತ ಹೆಂಡತಿಯ ಹಿಂದೆ ಕುರಿಯ ಹಾಗೆ ಬಂದ ಅನ್ನುವುದೇ ಸರಿ.

ಆಪರೇಶನ್ ಕೋಣೆಯ ಹೊರಗೆ ಬೆಂಚಿನ ಮೇಲೆ ನಾನೂ ಅವನೂ ಕೂತಿದ್ದೆವು. ಅವನ ಕಣ್ಣು ಬಾಗಿಲಿನಿಂದ ಕದಲಲಿಲ್ಲ, ಧೋತರದ ಚುಂಗನ್ನು ಹಿಂಡುತ್ತಿದ್ದ. ಒಳಗೆ ಎದೆಯ ಬಡಿತ ತೋರಿಸುವ ಯಂತ್ರ ಟಿಕ್ ಟಿಕ್ ಅನ್ನುತ್ತಿತ್ತು. ಚೇತನಾರ ದನಿ ಕೇಳಿಸಿತು.

“ಯವ್ವಾ, ತುಟಿ ಹೆಂಗೈತಿ? ನಾಲಿಗಿ? ಜೋಮು?”

“ಛಲೋ ಐತ್ರಿ.”

“ಕೈ?”

ಉತ್ತರವಿಲ್ಲ.

“ಅವಸರ ಮಾಡಬ್ಯಾಡ್ರಿ. ಆದ್ರ ನೀವು ಹೇಳೂ ತನಕಾ ನಾ ಚಾಕು ಮುಟ್ಟೂದಿಲ್ಲ.”

ಹೇಳೇ ಮಾರಾಯ್ತಿ, ಹೇಳಿಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆಗ ಒಳಗಿನಿಂದ, ವರ್ಷಗಟ್ಟಲೆ ಕಟ್ಟಿಟ್ಟ ಮಾತು ಕಟ್ಟೆ ಒಡೆದುಕೊಂಡು ಬಂದಿತು.

“ಸತ್ತೈತ್ರಿ! ಸತ್ತೈತಿ! ಪೂರಾ ಸತ್ತೈತಿ!”

ನನ್ನ ಪಕ್ಕದಲ್ಲಿ ಧೊಪ್ಪೆಂದು ಸದ್ದಾಯಿತು. ಹುಚ್ಚಪ್ಪ ಬೆಂಚಿನಿಂದ ಉರುಳಿ ನೆಲದ ಮೇಲೆ ಬಿದ್ದಿದ್ದ. ಸತ್ತವಳೇ ಕೂಗಿ ಹೇಳುವುದುಂಟೇ ಎಂದು ಯೋಚಿಸುವಷ್ಟು ವ್ಯವಧಾನ ಅವನಿಗೆಲ್ಲಿತ್ತು? ನಾನು ಕೂಗಿಕೊಂಡೆ. ಖೈರುನಬಿ ಒಳಗಿನಿಂದ ಓಡಿಬಂದು, ಮತ್ತೊಬ್ಬ ನರ್ಸನ್ನು ಕರೆದು, ಅವನ ಕಾಲು ಎತ್ತಿ ಹಿಡಿಸಿ ಮುಖಕ್ಕೆ ನೀರು ಚಿಮುಕಿಸಿದಳು. “ಕಾಕಾ, ಕಾಕೂ ಅಲ್ರಿ, ಕಾಕೂನ ಕೈ ಸತ್ತೈತಿ. ಬರೇ ಕೈ!” ಎಂದು ಅವಳು ನಗುತ್ತಾ ಹೇಳಿದ್ದು ಅವನ ತಲೆಗೆ ಇಳಿಯಲು ಸಾಕಷ್ಟು ಹೊತ್ತು ಹಿಡಿಯಿತು.

ಗಂಟು ಸುಲಭವಾಗಿ ಬಂತು. ನರಕ್ಕೆ ಏನೂ ಆಗಿಲ್ಲ, ಹೆಬ್ಬೆರಳು ಮತ್ತೆ ಮಾತು ಕೇಳುತ್ತದೆ ಎಂದು ಚೇತನಾ ಹೇಳಿದರು. ಸಕ್ರವ್ವ ಕೈಗೆ ಪಟ್ಟಿ ಕಟ್ಟಿಸಿಕೊಂಡು ತನ್ನ ಕಾಲ ಮೇಲೆ ನಡೆದೇ ಹೊರಗೆ ಬಂದಳು. ಬಂದರೆ, ಗಂಡ ಬೆಂಚಿನ ಮೇಲೆ ಹಸಿ ಟವೆಲ್ಲು ಹೊತ್ತು ಮಲಗಿದ್ದಾನೆ. ಅವಳನ್ನು ಕಂಡು ಎದ್ದು ಕೂತು ಮಗುವಿನ ಹಾಗೆ ಅತ್ತ.

“ಹೋದಿ ಅಂತ ತಿಳದ್ನಿ, ಸಕ್ರಿ. ನಿನ್ನ ಬಾಯಾಗ ಆ ಮಾತು ಕೇಳಿ... ನೀ ಹೋದಿ ಅಂತನ ತಿಳದ್ನಿ.”

ಸಕ್ರವ್ವ ಅವನ ಪಕ್ಕ ಕೂತಳು. ಎಡಗೈಯಿಂದ ಅವನ ಮುಖ ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿದಳು, ಕಣ್ಣು ದೊಡ್ಡವಾಗಿದ್ದವು. “ಅಕ್ಕೋರ, ಅಂದ್ನಿ ನೋಡ್ರಿ. ಮೂರು ಸಲ ಅಂದ್ನಿ. ಯಾರಿಗೂ ಏನೂ ಆಗಲಿಲ್ಲ.” ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಗೆಳೆದುಕೊಂಡಳು. “ಹಂಗಾರ ಅವತ್ತು ನಮ್ಮ ಗುರಪ್ಪ...”

ಅದನ್ನು ಅವಳು ನನ್ನ ಹೊರತು ಯಾರೊಂದಿಗೂ ಆಡಿರಲಿಲ್ಲ, ಗಂಡನೊಂದಿಗೂ. ಆದರೆ ಅವಳು ಕೂಸಿಗೆ ಆ ಮಾತು ಅಂದ ದಿನ ಹುಚ್ಚಪ್ಪ ಮಗ್ಗದ ಕುಣಿಯಲ್ಲೇ ಕೂತಿದ್ದ. ಎಲ್ಲವನ್ನೂ ಕೇಳಿದ್ದ. ಇಷ್ಟು ವರ್ಷ ಹೇಗೆ ಹೇಳಬೇಕೆಂದು ತಿಳಿಯದೆ ಸುಮ್ಮನಿದ್ದ.

“ನಿನ್ನ ಮಾತಿಗಲ್ಲ, ಸಕ್ರಿ” ಎಂದ. “ಅವಂಗ ಜ್ವರಾ ಬಂದಿತ್ತು. ಬರೇ ಜ್ವರಾ.”

ಸಕ್ರವ್ವ ಅವನ ಹೆಗಲಿಗೆ ತಲೆಯಿಟ್ಟು, ಬಂದು ಹೋಗುವವರೆಲ್ಲ ನೋಡುತ್ತಿರುವಂತೆಯೇ, ತನ್ನ ಕೂಸಿಗಾಗಿ ಮೊದಲ ಸಲ ಬಾಯಿಬಿಟ್ಟು ಅತ್ತಳು.